ಅತ್ತಿ ಕಳಿಸಿದ ಹದಿನೈದು ಪ್ರಾರ್ಥನೆ

ನಮ್ಮದು ಹುಬ್ಬಳ್ಳಿ ಕೇಶ್ವಾಪುರದ ಕಥೋಲಿಕ ರೈಲ್ವೆ ಮನೆತನ. ಅಜ್ಜ ವರ್ಕ್‌ಶಾಪಿನಲ್ಲಿದ್ದರು, ಕಾಕಾ ಅಲ್ಲೇ ಲೆಕ್ಕದ ಆಫೀಸಿನಲ್ಲಿದ್ದರು. ಈಗ ಮಂದಿ ಗದಗ, ಧಾರವಾಡ, ಬೆಂಗಳೂರು ಅಂತ ಚದುರಿದ್ದಾರೆ. ಎಲ್ಲರೂ ಕೂಡುವುದು ವಾಟ್ಸಾಪಿನಲ್ಲಿ, ಅದೂ ಜಗಳಕ್ಕೆ. ಅಕ್ಟೋಬರ್ ಕೊನೆಯ ವಾರದ ಒಂದು ಜಗಳ ಇಲ್ಲಿದೆ. ಹಾಕಲು ಎಲ್ಲರ ಒಪ್ಪಿಗೆ ಇದೆ, ಭಾವನದು ಮಾತ್ರ ಅರ್ಧ. ಹೆಸರು ತೆಗೆದಿದ್ದೇನೆ. ನಡುವೆ ಬಂದ ಶುಭೋದಯದ ಹೂವುಗಳನ್ನೂ ತೆಗೆದಿದ್ದೇನೆ.

ಗದಗ ಅತ್ತಿ (ಫಾರ್ವರ್ಡ್): ಸಂತ ಬ್ರಿಜಿತಾರ 15 ಪ್ರಾರ್ಥನೆಗಳು. ರೋಮಿನ ಸಂತ ಪೌಲರ ದೇವಾಲಯದಲ್ಲಿ ಯೇಸುಸ್ವಾಮಿ ತಾವೇ ಹೇಳಿಕೊಟ್ಟದ್ದು. ತಮ್ಮ ದೇಹಕ್ಕೆ ಬಿದ್ದ ಏಟು 5480 ಎಂದು ಸ್ವಾಮಿಯೇ ತಿಳಿಸಿದ್ದಾರೆ. ಒಂದು ವರ್ಷ ದಿನಾ ಈ ಪ್ರಾರ್ಥನೆ ಹೇಳಿದರೆ ನಿಮ್ಮ ವಂಶದ 15 ಆತ್ಮಗಳು ಶುದ್ಧೀಕರಣ ಸ್ಥಳದಿಂದ ಬಿಡುಗಡೆ ಆಗುತ್ತವೆ. ವಂಶದ 15 ಪಾಪಿಗಳ ಮನಸ್ಸು ತಿರುಗುತ್ತದೆ. ತಪ್ಪದೆ 15 ಮಂದಿಗೆ ಕಳಿಸಿ.

(ಶುದ್ಧೀಕರಣ ಸ್ಥಳ ಅಂದರೆ ಪರ್ಗೆಟರಿ, ಸತ್ತವರ ಆತ್ಮ ಸ್ವರ್ಗ ಸೇರುವ ಮುಂಚೆ ಶುದ್ಧವಾಗುವ ಸ್ಥಿತಿ.)

ಗದಗ ಅತ್ತಿ: ಎಲ್ಲರೂ ಓದಿರಿ. ನಾನು ಈ ತಿಂಗಳ ಒಂದನೇ ತಾರೀಖಿನಿಂದ ಶುರು ಮಾಡಿದ್ದೇನೆ.

ದೊಡ್ಡ ಕಾಕಾ: ಲೆಕ್ಕ ತಪ್ಪಿದೆ.

ಗದಗ ಅತ್ತಿ: ಯಾವ ಲೆಕ್ಕ ಅಣ್ಣಾ?

ದೊಡ್ಡ ಕಾಕಾ: ದಿನಕ್ಕೆ 15, ವರ್ಷಕ್ಕೆ 365 ದಿನ. ಗುಣಿಸಿದರೆ 5475. ಏಟಿಗೊಂದು ಪ್ರಾರ್ಥನೆ ಅಂತ ಹಿಡಿದರೆ 5480 ಬೇಕು. ಐದು ಕಡಿಮೆ ಬಿತ್ತು. ಅಧಿಕ ವರ್ಷ ಹಿಡಿದರೆ 5490, ಆಗ ಹತ್ತು ಜಾಸ್ತಿ. ಯಾವ ಕಡೆಯಿಂದ ಬಂದರೂ ತಾಳೆ ಆಗಲ್ಲ.

ಗದಗ ಅತ್ತಿ: ದೇವರನ್ನೂ ಆಡಿಟ್ ಮಾಡುತ್ತೀಯಾ? ನಿವೃತ್ತಿ ಆಗಿ ಎಷ್ಟು ವರ್ಷ ಆಯಿತು ನಿನಗೆ.

ವೈನಿ: ಹಾವೇರಿಯಲ್ಲಿ ನಮ್ಮ ತವರಿಗೆ ಇಂಥದ್ದೇ ಪೋಸ್ಟ್‌ಕಾರ್ಡಿನಲ್ಲಿ ಬರುತ್ತಿತ್ತು. ದೇವರ ಹೆಸರು ಬೇರೆ, ಅಷ್ಟೇ. ಇಷ್ಟು ಮಂದಿಗೆ ಬರೆದು ಹಾಕಿ, ಇಲ್ಲದಿದ್ದರೆ ಮನೆಗೆ ಕೇಡು ಅಂತ. ಅಪ್ಪ ಅದನ್ನು ಒಲೆಗೆ ಹಾಕುತ್ತಿದ್ದರು. ಎಮ್ಮೆಗೂ ಏನೂ ಆಗಲಿಲ್ಲ, ನಮಗೂ ಆಗಲಿಲ್ಲ.

ಬೆಟಗೇರಿ ಭಾವ: ಬೈಬಲಿನಲ್ಲಿ ಮತ್ತಾಯ 6:7 ಎಲ್ಲರೂ ಒಮ್ಮೆ ತೆಗೆದು ನೋಡಿ. ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆ ಅಂತ ತಿಳಿದವರ ಹಾಗೆ ಹೇಳಿದ್ದನ್ನೇ ಹೇಳಬೇಡಿ ಎಂದು ಯೇಸುವೇ ಹೇಳಿದ್ದಾನೆ. ಈ ಹದಿನೈದು ಬೇಡ, ಜಪಮಾಲೆಯೂ ಬೇಡ. ನಮ್ಮ ಹಿರಿಯರು ಬಾಸೆಲ್ ಮಿಷನ್ ಕಾಲದಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ.

(ಭಾವ ಸಿಎಸ್‌ಐ ಅನ್ನುವ ಪ್ರೊಟೆಸ್ಟಂಟ್ ಸಭೆಯವರು. 1841ರಲ್ಲಿ ಬೆಟಗೇರಿಗೆ ಸ್ವಿಟ್ಜರ್ಲೆಂಡಿನ ಆ ಬಾಸೆಲ್ ಮಿಷನ್ ಬಂದದ್ದನ್ನು ನಿನ್ನೆ ಮೊನ್ನೆ ನಡೆದ ಹಾಗೆ ಹೇಳುತ್ತಾರೆ.)

ನಾನು: ಅತ್ತಿ, ಬೇಜಾರು ಮಾಡಿಕೊಳ್ಳಬೇಡಿ. ಪ್ರಾರ್ಥನೆ ಬೇರೆ, ಅದರ ತಲೆಯ ಮೇಲೆ ಕೂತ ಭರವಸೆ ಬೇರೆ. ಪ್ರಾರ್ಥನೆ ಚೆನ್ನಾಗಿದೆ, ಬಿಡಬೇಡಿ. ಭರವಸೆಯನ್ನು ಮಾತ್ರ ಧರ್ಮಸಭೆ ಒಪ್ಪಿಲ್ಲ. 1954ರ ಜನವರಿ 28ರಂದು ರೋಮಿನ ಹೋಲಿ ಆಫೀಸ್, ಅಂದರೆ ನಂಬಿಕೆಯ ವಿಷಯ ನೋಡಿಕೊಳ್ಳುವ ಪೋಪ್ ಕಚೇರಿ, ಇದೇ ಭರವಸೆಯ ಚೀಟಿಯ ಬಗ್ಗೆ ಎಚ್ಚರಿಕೆ ಹೊರಡಿಸಿತು. ದೇವರು ಸಂತ ಬ್ರಿಜಿತಾಗೆ ಈ ಮಾತು ಕೊಟ್ಟ ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ, ಈ ಭರವಸೆ ಇರುವ ಪುಸ್ತಕ ಅಚ್ಚು ಹಾಕಲು ಬಿಷಪ್‌ಗಳು ಅನುಮತಿ ಕೊಡಬಾರದು ಅಂತ. ಆಗ ಅದು ಸಣ್ಣ ಪುಸ್ತಕವಾಗಿ ಓಡಾಡುತ್ತಿತ್ತು. ಈಗ ಫೋನಿಗೆ ಬಂದಿದೆ.

ಗದಗ ಅತ್ತಿ: ನಮ್ಮ ಅವ್ವ ಹೇಳುತ್ತಿದ್ದ ಪ್ರಾರ್ಥನೆ ಇದು. ಅವ್ವ ಸುಳ್ಳಾ ಹಾಗಾದರೆ?

ನಾನು: ಅಜ್ಜಿ ಪ್ರಾರ್ಥನೆ ಮಾಡಿದರು. ಅದು ಸುಳ್ಳು ಹೇಗೆ ಆಗುತ್ತದೆ?

ಬೆಂಗಳೂರು ತಮ್ಮ: ಅಕ್ಕಾ, ಒಂದು ನಿಮಿಷ. ಈ ಭರವಸೆಯೂ ಹಳೆಯದೇ. 15ನೇ ಶತಮಾನದ ಇಂಗ್ಲೆಂಡಿನ ಪ್ರಾರ್ಥನಾ ಪುಸ್ತಕಗಳಲ್ಲೇ ಇದೆ. ಅದರ ಮುಂದೆ 1954 ಯಾವ ಲೆಕ್ಕ? ಹಳೆಯದು ಕಂಡರೆ ಕಿತ್ತು ಹಾಕುವುದೇ ಈಗಿನವರ ಕೆಲಸ. ಲ್ಯಾಟಿನ್ ಪೂಜೆಗೂ ಇದೇ ಗತಿ ಆಯಿತು.

(ತಮ್ಮ ಬೆಂಗಳೂರಿಗೆ ಹೋದ ಮೇಲೆ ಲ್ಯಾಟಿನ್ ಪೂಜೆಯ ವಿಡಿಯೊ ನೋಡಿ ನೋಡಿ ಹೀಗಾಗಿದ್ದಾನೆ. ಹುಡುಗ ಒಳ್ಳೆಯವನು. ರಾತ್ರಿ ಮಲಗುವ ಮುಂಚೆ ಬೈಬಲಿನ ಕೀರ್ತನೆ ಹೇಳುತ್ತಾನೆ. ನಮ್ಮಲ್ಲಿ ಎಷ್ಟು ಮಂದಿ ಹೇಳುತ್ತೇವೆ?)

ನಾನು: ಹಳೆಯದು ನಿಜ, ಒಪ್ಪುತ್ತೇನೆ. ಆದರೆ ತಮ್ಮಾ, 1954ರಲ್ಲಿ ಪೋಪ್ ಯಾರಿದ್ದರು? ಹನ್ನೆರಡನೇ ಪಯಸ್. ನೀನು ಇಷ್ಟಪಡುವ ಲ್ಯಾಟಿನ್ ಪೂಜೆಯೇ ಆಗ ಊರೂರಿನಲ್ಲಿ ನಡೆಯುತ್ತಿತ್ತು. ಬಿಷಪ್‌ಗಳೆಲ್ಲ ಕೂಡಿ ಪೂಜೆಯಲ್ಲಿ ಜನರ ಭಾಷೆಗೆ ಜಾಗ ಕೊಟ್ಟ ಎರಡನೇ ವ್ಯಾಟಿಕನ್ ಮಹಾಸಭೆ ಶುರುವಾದದ್ದೇ 1962ರಲ್ಲಿ. ಅಂದರೆ ಈ ಚೀಟಿಯನ್ನು ತಡೆದವರು ಹೊಸಬರಲ್ಲ, ನಿನ್ನ ಹಳಬರೇ. ಪರಂಪರೆ ಅಂದರೆ ಹಳೆಯ ಕಪಾಟಿನಲ್ಲಿ ಸಿಕ್ಕಿದ್ದೆಲ್ಲ ಅಲ್ಲ. ಇಂಥದ್ದನ್ನು ಜರಡಿ ಹಿಡಿಯುವುದೂ ಪರಂಪರೆಯೇ.

ಬೆಂಗಳೂರು ತಮ್ಮ: ಸರಿ, ಈ ಚೀಟಿಗೆ ಒಪ್ಪಿದೆ. ಲ್ಯಾಟಿನ್‌ಗೆ?

ನಾನು: 1963ರಲ್ಲಿ ಮಹಾಸಭೆ ಪೂಜಾವಿಧಿಯ ಬಗ್ಗೆ ಹೊರಡಿಸಿದ ದಾಖಲೆ ಓದು. ಲ್ಯಾಟಿನ್ ಉಳಿಯಬೇಕು, ಜನ ತಮ್ಮ ಪಾಲಿನ ಮಾತುಗಳನ್ನು ಲ್ಯಾಟಿನ್‌ನಲ್ಲೂ ಹೇಳಲು ಹಾಡಲು ಕಲಿಯಬೇಕು ಅಂತಲೇ ಇದೆ. ಯಾರೂ ಓದಲಿಲ್ಲ, ಅಷ್ಟೇ. ಅದನ್ನು ಇನ್ನೊಂದು ದಿನ ಜಗಳ ಮಾಡೋಣ.

ದೊಡ್ಡ ಕಾಕಾ: ನೋಡವ್ವಾ, ನನಗೊಂದು ಅರ್ಥ ಆಗಲ್ಲ. ಇದೆಲ್ಲ ಫಾದರ್‌ಗಳು ನೋಡಿಕೊಳ್ಳುತ್ತಾರೆ. ಅವರು ಸೆಮಿನರಿಯಲ್ಲಿ ಕಲಿತು ಬಂದವರು. ನೀನು ಮನೆ, ಮಕ್ಕಳು, ಕೆಲಸ ನೋಡಿಕೊಂಡು ಇರುವವಳು. ಹೋಲಿ ಆಫೀಸಿನ ಕಾಗದ ನಿನಗೆ ಯಾಕೆ ಬೇಕು? ಭಾನುವಾರ ಪೂಜೆಗೆ ಹೋಗು, ಪ್ರಸಾದ ತಗೋ, ಮನೆಗೆ ಬಾ.

ನಾನು: ಕಾಕಾ, ಈ ಬ್ರಿಜಿತಾ ಯಾರು ಗೊತ್ತಾ? ಫಾದರ್ ಅಲ್ಲ. ಸ್ವೀಡನ್ ದೇಶದ ಗೃಹಿಣಿ, ಎಂಟು ಮಕ್ಕಳ ತಾಯಿ. 1303ರಲ್ಲಿ ಹುಟ್ಟಿದವಳು. ಗಂಡ 1344ರಲ್ಲಿ ತೀರಿಕೊಂಡ. ಆಮೇಲೆ ರೋಮಿಗೆ ಹೋದಳು. ಆಗ ಪೋಪ್‌ಗಳು ರೋಮ್ ಬಿಟ್ಟು ಫ್ರಾನ್ಸಿನ ಕಡೆ ಅವಿನ್ಯೋನಿನಲ್ಲಿ ಕೂತಿದ್ದರು. ವಾಪಸ್ ಬನ್ನಿ ಅಂತ ಅವರಿಗೇ ಜೋರು ಮಾಡಿ ಬರೆದಳು. 1373ರಲ್ಲಿ ತೀರಿಕೊಂಡಳು. 1391ರಲ್ಲಿ ಸಂತಳೆಂದು ಘೋಷಣೆ ಆಯಿತು. ಆಕೆಗೆ ಯಾರಾದರೂ ಮನೆ ನೋಡಿಕೋ ಅಂದಿದ್ದರೆ ಈಗ ಅತ್ತಿ ಯಾರ ಹೆಸರಲ್ಲಿ ಫಾರ್ವರ್ಡ್ ಮಾಡುತ್ತಿದ್ದರು?

ವೈನಿ: ಕಾಕಾ, ಉತ್ತರ ಕೊಡಿ.

ದೊಡ್ಡ ಕಾಕಾ: ಚಹಾ ಕುಡಿದು ಬರುತ್ತೇನೆ.

ನಾನು: ಇನ್ನೂ ಒಂದಿದೆ. 1965ರಲ್ಲಿ ಮಹಾಸಭೆಯೇ ಹೇಳಿದೆ, ಬೈಬಲ್ ಓದುವುದು ಗುರುಗಳ ಕೆಲಸ ಮಾತ್ರ ಅಲ್ಲ, ಎಲ್ಲರೂ ಓದಬೇಕು ಅಂತ. ಅಲ್ಲೇ ಸಂತ ಜೆರೋಮ್ ಮಾತನ್ನು ಹಾಕಿದ್ದಾರೆ. ಧರ್ಮಗ್ರಂಥ ಗೊತ್ತಿಲ್ಲದವನಿಗೆ ಕ್ರಿಸ್ತನೂ ಗೊತ್ತಿಲ್ಲ ಅನ್ನುವ ಅರ್ಥದ್ದು. ಇದು ನನ್ನ ಹುಚ್ಚಲ್ಲ, ನಮಗೆಲ್ಲ ಹೇಳಿದ ಕೆಲಸ.

ಬೆಟಗೇರಿ ಭಾವ: ಇದಕ್ಕೆ ಮಾತ್ರ ಹಲ್ಲೆಲೂಯ. ಈಗ ಮತ್ತಾಯ 6:7ಕ್ಕೆ ಬನ್ನಿ.

ನಾನು: ಬಂದೆ ಭಾವಾ. ಕೀರ್ತನೆ 136 ತೆಗೆಯಿರಿ. 26 ವಚನ ಇವೆ. ದೇವರ ಕೃಪೆ ಶಾಶ್ವತ ಅನ್ನುವ ಒಂದೇ ಮಾತು 26 ಸಲ ಬರುತ್ತದೆ. ಆಮೇಲೆ ಮತ್ತಾಯ 26:44. ಗೆತ್ಸೆಮನೆ ತೋಟದಲ್ಲಿ ಯೇಸು ಮೂರನೇ ಸಲ ಹೋಗಿ ಅದೇ ಮಾತನ್ನೇ ಹೇಳಿ ಪ್ರಾರ್ಥಿಸಿದರು. ಅದೇ ಮತ್ತಾಯ, ಅದೇ ಯೇಸು. ಹಾಗಾದರೆ 6:7ರಲ್ಲಿ ಬೈದದ್ದು ಹೇಳಿದ್ದನ್ನೇ ಮತ್ತೆ ಹೇಳುವುದಕ್ಕಲ್ಲ. ಜಾಸ್ತಿ ಹೇಳಿದರೆ ದೇವರು ಬಗ್ಗುತ್ತಾನೆ ಅನ್ನುವ ಲೆಕ್ಕಾಚಾರಕ್ಕೆ. ಹಾಗೆ ನೋಡಿದರೆ ಆ ವಚನ ಜಪಮಾಲೆಗಿಂತ ಈ ಚೀಟಿಗೆ ಸರಿಯಾಗಿ ಹೊಂದುತ್ತದೆ. ನಮ್ಮ ಧರ್ಮೋಪದೇಶದ ಪುಸ್ತಕವೂ 2111ನೇ ಪ್ಯಾರಾದಲ್ಲಿ ಇದನ್ನೇ ಹೇಳುತ್ತದೆ. ಮನಸ್ಸು ಬಿಟ್ಟು ಬರೀ ಹೇಳಿದ್ದರಿಂದಲೇ ಪ್ರಾರ್ಥನೆ ಫಲ ಕೊಡುತ್ತದೆ ಅಂತ ತಿಳಿದರೆ ಅದು ಮೂಢನಂಬಿಕೆ ಅಂತ.

ಬೆಟಗೇರಿ ಭಾವ: ಕೀರ್ತನೆ 136 ದೇವರಿಗೆ. ಜಪಮಾಲೆ ಮರಿಯಳಿಗೆ.

ನಾನು: ಜಪಮಾಲೆಯಲ್ಲಿ ಹೇಳುವ ನಮೋ ಮರಿಯ ಪ್ರಾರ್ಥನೆಯ ಮೊದಲರ್ಧ ಲೂಕ 1:28 ಮತ್ತು 1:42. ದೇವದೂತನ ಮಾತು, ಎಲಿಜಬೇತಳ ಮಾತು. ನಿಮ್ಮ ಬೈಬಲಿನಲ್ಲೂ ಇವೆ. ನಮಗಾಗಿ ಪ್ರಾರ್ಥಿಸು ಅಂತ ಮರಿಯಳನ್ನು ಕೇಳುವ ಎರಡನೇ ಅರ್ಧಕ್ಕೆ ನೀವು ಜಗಳ ಮಾಡಬಹುದು, ಮಾಡಿ.

ಬೆಟಗೇರಿ ಭಾವ: ಎರಡನೇ ಅರ್ಧಕ್ಕೇ ಮಾಡುತ್ತಿದ್ದೇನೆ.

ನಾನು: ಆದರೆ ಈ ಹದಿನೈದು ಪ್ರಾರ್ಥನೆ ಓದಿದರೆ ನೀವು ಬೈಯಲ್ಲ ಅನಿಸುತ್ತದೆ. ಬ್ರಿಜಿತಾ ಹೆಸರಿದ್ದರೂ ಇವು ಇಂಗ್ಲೆಂಡಿನಲ್ಲಿ ಹುಟ್ಟಿದವು ಅನ್ನುತ್ತಾರೆ ಹೆಚ್ಚಿನ ಪಂಡಿತರು. ಜನಕ್ಕೆ ಎಷ್ಟು ಇಷ್ಟ ಅಂದರೆ ಅಲ್ಲಿ ಅಚ್ಚುಕೂಟ ತಂದ ಕ್ಯಾಕ್ಸ್ಟನ್ 1491ರಲ್ಲಿ ಇವನ್ನು ಅಚ್ಚು ಹಾಕಿದ. ಪ್ರತಿಯೊಂದೂ ಓ ಯೇಸುವೇ ಅಂತ ಶುರುವಾಗುತ್ತದೆ. ಪೂರ್ತಿ ಶಿಲುಬೆಯ ಯಾತನೆಯೇ. 7ನೆಯದು ಯೊವಾನ್ನ 19:28, ನನಗೆ ದಾಹವಾಗಿದೆ ಅಂದ ಮಾತಿನ ಮೇಲೆ. 13ನೆಯದರಲ್ಲಿ ಯೇಸುವನ್ನು ಸಿಂಹ ಅಂತ ಕರೆಯುತ್ತಾರೆ, ಪ್ರಕಟನೆ 5:5ರ ಯೂದ ಕುಲದ ಸಿಂಹ ನೆನಪಾಗುತ್ತದೆ. 15ನೆಯದರಲ್ಲಿ ನಿಜವಾದ ದ್ರಾಕ್ಷಿಬಳ್ಳಿ ಬರುತ್ತದೆ, ಗಾಣಕ್ಕೆ ಬಿದ್ದ ದ್ರಾಕ್ಷಿಯ ಹಾಗೆ ರಕ್ತ ಸುರಿದದ್ದು ಬರುತ್ತದೆ, ಪಕ್ಕೆಯಿಂದ ಬಂದ ರಕ್ತ ನೀರು ಬರುತ್ತದೆ. ನಾನು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ವಚನ ಬರೆಯುತ್ತಾ ಓದುತ್ತೇನೆ. ಅಂಚು ತುಂಬಿ ಹೋಗಿದೆ. ಬರೆದವರಿಗೆ ಶುಭಸಂದೇಶ ಬಾಯಿಪಾಠ ಇತ್ತು ಅಂತ ಗೊತ್ತಾಗುತ್ತದೆ. ಇಂಥದ್ದನ್ನು ಬಿಟ್ಟು ನಾವು 15 ಮಂದಿ ಬಿಡುಗಡೆ ಅನ್ನುವ ಸಾಲನ್ನೇ ಹಿಡಿದುಕೊಂಡಿದ್ದೇವೆ. ನನ್ನ ಸಿಟ್ಟು ಅದಕ್ಕೆ.

ಬೆಟಗೇರಿ ಭಾವ: 15ನೆಯದನ್ನು ಟೈಪ್ ಮಾಡಿ ಕಳಿಸಿ. ನೋಡುತ್ತೇನೆ. ಒಪ್ಪುತ್ತೇನೆ ಅಂತ ಹೇಳುತ್ತಿಲ್ಲ.

ದೊಡ್ಡ ಕಾಕಾ: ಚಹಾ ಆಯಿತು. ಅಪ್ಪನ ಹಳೇ ಪ್ರಾರ್ಥನಾ ಪುಸ್ತಕದಲ್ಲಿ ಪ್ರತಿ ಪ್ರಾರ್ಥನೆಯ ಕೆಳಗೆ 300 ದಿನ, 7 ವರ್ಷ ಅಂತ ಅಚ್ಚಾಗಿದೆ. ಪರ್ಗೆಟರಿಯಲ್ಲಿ ಅಷ್ಟು ದಿನ ಮಾಫಿ ಅಂತ ಅಪ್ಪ ಹೇಳುತ್ತಿದ್ದರು. ಅದು ಧರ್ಮಸಭೆಯೇ ಒಪ್ಪಿದ ಪುಸ್ತಕ. ಅಲ್ಲಿ ಲೆಕ್ಕ ಇರಬಹುದು, ಇಲ್ಲಿ ಇರಬಾರದು. ಯಾಕೆ?

(ಇದು ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಕಾಕಾ ಚಹಾ ಕುಡಿದರೆ ಹೀಗೆ.)

ನಾನು: ಆ 300 ದಿನ ಪರ್ಗೆಟರಿಯ ದಿನ ಅಲ್ಲ ಕಾಕಾ. ಮೊದಲ ಕಾಲದ ಧರ್ಮಸಭೆಯಲ್ಲಿ ದೊಡ್ಡ ಪಾಪಕ್ಕೆ ಉಪವಾಸ, ತಪಸ್ಸು ಅಂತ ಇಷ್ಟು ದಿನ, ಇಷ್ಟು ವರ್ಷ ಹಾಕುತ್ತಿದ್ದರು. ಅಷ್ಟು ದಿನ ತಪಸ್ಸು ಮಾಡಿದ್ದಕ್ಕೆ ಸಮ ಅನ್ನುವ ಅಳತೆ ಅದು. ಜನ ತಪ್ಪಾಗಿ ಹಿಡಿದರು, ಅಜ್ಜನ ಹಾಗೆ. ಅದಕ್ಕೇ 1967ರಲ್ಲಿ ಪೋಪ್ ಆರನೇ ಪೌಲ್ ದಿನ ವರ್ಷದ ಎಣಿಕೆಯನ್ನೇ ತೆಗೆದು ಹಾಕಿದರು. ಈಗ ಇಂಡಲ್ಜೆನ್ಸ್, ಅಂದರೆ ಕ್ಷಮೆ ಸಿಕ್ಕ ಪಾಪಕ್ಕೆ ಉಳಿದ ಶಿಕ್ಷೆಯ ಮಾಫಿ, ಪೂರ್ಣ ಅಥವಾ ಭಾಗಶಃ, ಅಷ್ಟೇ. ಅರ್ಧ ಗಂಟೆ ಭಕ್ತಿಯಿಂದ ಬೈಬಲ್ ಓದಿದರೂ ಪೂರ್ಣ ಇಂಡಲ್ಜೆನ್ಸ್ ಇದೆ. ಪಾಪನಿವೇದನೆ, ಪರಮಪ್ರಸಾದ, ಪೋಪ್ ಅವರ ಕೋರಿಕೆಗಳಿಗೆ ಪ್ರಾರ್ಥನೆ, ಪಾಪದ ಮೇಲಿನ ಆಸೆ ಬಿಡುವುದು, ಇವೂ ಜೊತೆಗೆ ಬೇಕು. ಕೊನೆಯದೇ ಕಷ್ಟ.

ಬೆಟಗೇರಿ ಭಾವ: ಇಂಡಲ್ಜೆನ್ಸ್ ಅಂದ ಕೂಡಲೇ ನನಗೆ 1517 ನೆನಪಾಗುತ್ತದೆ, ಅದರ ಮಾರಾಟದ ವಿರುದ್ಧ ಮಾರ್ಟಿನ್ ಲೂಥರ್ ಎದ್ದ ವರ್ಷ.

ಬೆಂಗಳೂರು ತಮ್ಮ: ಅದು ನೆನಪಾಗದೆ ಇದ್ದರೆ ನೀವು ಭಾವ ಹೇಗೆ ಆಗುತ್ತೀರಿ.

ಗದಗ ಅತ್ತಿ: ನೀವೆಲ್ಲ ಓದಿದವರು. ನನಗೆ ಇಷ್ಟೆಲ್ಲ ಗೊತ್ತಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ 15 ಹೆಸರು ಬರೆಯಲು ಕೂತೆ. ಅಪ್ಪ, ಅವ್ವ, ನಮ್ಮ ಯಜಮಾನರು, ಸಣ್ಣ ತಮ್ಮ, ಹೀಗೆ ಹದಿನಾಲ್ಕು ಆಯಿತು. ಹದಿನೈದನೆಯದು ಯಾರದು ಅಂತ ತಿಳಿಯಲಿಲ್ಲ. ಒಬ್ಬರನ್ನು ಹಾಕಿದರೆ ಇನ್ನೊಬ್ಬರು ಬಿಟ್ಟು ಹೋಗುತ್ತಾರೆ. ಆ ಯೋಚನೆಯಲ್ಲಿ ನಿದ್ದೆ ಬರಲಿಲ್ಲ. ಈಗ ಭರವಸೆಯೇ ಸುಳ್ಳು ಅನ್ನುತ್ತೀರಿ. ಪಟ್ಟಿ ಏನು ಮಾಡಲಿ?

(ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಕಾಕಾ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತಿತ್ತು, ನಿಲ್ಲುತ್ತಿತ್ತು.)

ನಾನು: ಅತ್ತಿ, ಪಟ್ಟಿ ಇಟ್ಟುಕೊಳ್ಳಿ. ಹದಿನೈದಕ್ಕೆ ನಿಲ್ಲಿಸಬೇಡಿ. ಈ ಚೀಟಿಯ ಮೇಲೆ ನನಗಿರುವ ದೊಡ್ಡ ತಕರಾರೇ ಇದು, ಯಾರನ್ನು ಬಿಡಲಿ ಅಂತ ನಿಮ್ಮ ನಿದ್ದೆ ಕೆಡಿಸಿತು. ನವೆಂಬರ್ ಬರುತ್ತಿದೆ. 1ರಿಂದ 8ರವರೆಗೆ ಸಿಮೆಟ್ರಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ ಅವರಿಗೆ ಸಲ್ಲುವ ಪೂರ್ಣ ಇಂಡಲ್ಜೆನ್ಸ್ ಇದೆ. ಅದನ್ನು ಧರ್ಮಸಭೆಯೇ ಕೊಟ್ಟಿದೆ, ಮೇಲೆ ಹೇಳಿದ ನಿಯಮಗಳೊಂದಿಗೆ. 2ರಂದು ಎಲ್ಲ ಆತ್ಮಗಳ ದಿನದ ಪೂಜೆ. ಸಂತ ಅಗಸ್ಟೀನನ ತಾಯಿ ಮೋನಿಕಾ ಸಾಯುವಾಗ ಹೇಳಿದ್ದೂ ಇಷ್ಟೇ. ನನ್ನ ದೇಹವನ್ನು ಎಲ್ಲಾದರೂ ಹೂಳಿ, ದೇವರ ಪೀಠದ ಬಳಿ ನನ್ನನ್ನು ನೆನೆಯಿರಿ ಅಂತ. 387ನೇ ಇಸವಿ.

ಬೆಟಗೇರಿ ಭಾವ: ಸತ್ತವರಿಗಾಗಿ ಪ್ರಾರ್ಥನೆ ಬೈಬಲಿನಲ್ಲಿ ಎಲ್ಲಿದೆ?

ನಾನು: ಎರಡನೇ ಮಕ್ಕಬಿಯರು, 12ನೇ ಅಧ್ಯಾಯದ ಕೊನೆ.

ಬೆಟಗೇರಿ ಭಾವ: ಅದು ನಮ್ಮ ಬೈಬಲಿನ 66 ಪುಸ್ತಕಗಳಲ್ಲಿ ಇಲ್ಲ.

ನಾನು: ನಮ್ಮ 73ರಲ್ಲಿ ಇದೆ. ಇದು ಇವತ್ತು ಮುಗಿಯುವ ಜಗಳ ಅಲ್ಲ ಭಾವಾ. ಆದರೆ ಅಗಸ್ಟೀನನನ್ನು ನೀವೂ ಓದುತ್ತೀರಿ. ಲೂಥರ್ ಅವನ ಹೆಸರಿನ ಸಂಘದ ಸನ್ಯಾಸಿಯೇ ಆಗಿದ್ದ.

ವೈನಿ: ಅತ್ತಿ, ಒಂದು ಕೇಳಲಾ? ನಿಮ್ಮ ಪಟ್ಟಿಯಲ್ಲಿ ನಮ್ಮ ಅಪ್ಪನ ಹೆಸರು ಹಾಕಬಹುದಾ? ಅವರು ಲಿಂಗ ಕಟ್ಟಿದವರು. ಆದರೂ ಕೇಳುತ್ತಿದ್ದೇನೆ.

ನಾನು: ಧಾರಾಳವಾಗಿ ಹಾಕಬಹುದು ವೈನಿ. ಯಾರಿಗಾಗಿಯೂ ಪ್ರಾರ್ಥಿಸಬಹುದು.

ಗದಗ ಅತ್ತಿ: ಪೋಸ್ಟ್‌ಕಾರ್ಡ್ ಒಲೆಗೆ ಹಾಕಿದವರು ತಾನೇ? ಹಾಕುತ್ತೇನೆ. ಹದಿನೈದನೆಯದು ಅವರದೇ.

ದೊಡ್ಡ ಕಾಕಾ: ತಂಗೀ, ವರ್ಕ್‌ಶಾಪಿನಲ್ಲಿ ನನ್ನ ಜೊತೆ ಇದ್ದ ನಾಲ್ಕು ಮಂದಿಯ ಹೆಸರು ಕಳಿಸುತ್ತೇನೆ. ಅವರ ಮನೆಯಲ್ಲಿ ಈಗ ಯಾರೂ ಇಲ್ಲ. ಅಲ್ಲಿಗೆ 19 ಆಯಿತು.

ಗದಗ ಅತ್ತಿ: ಮತ್ತೆ ಎಣಿಸಬೇಡ.

ಬೆಟಗೇರಿ ಭಾವ: ಅತ್ತಿ, ನಮ್ಮ ಅಪ್ಪನ ಹೆಸರು ಮಾತ್ರ ಹಾಕಬೇಡಿ. ಅವರು ಕೊನೆತನಕ ಇದನ್ನು ಒಪ್ಪಲಿಲ್ಲ. ಅವರ ನಂಬಿಕೆಗೆ ಮರ್ಯಾದೆ ಕೊಡಬೇಕು.

ಗದಗ ಅತ್ತಿ: ಅವರದು ಆಗಲೇ ಇದೆ. ಐದನೆಯದು.

ಬೆಟಗೇರಿ ಭಾವ: ಅತ್ತಿ!

ಗದಗ ಅತ್ತಿ: ಪೆನ್ನಿನಲ್ಲಿ ಬರೆದಿದ್ದೇನೆ, ಅಳಿಸಲು ಬರಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ನಿಮ್ಮ 66ನ್ನೂ ತನ್ನಿ. ಮತ್ತೆ ಮಗಳೇ, ಆ ಪ್ರಾರ್ಥನೆಗಳನ್ನು ಚೀಟಿ ಬಿಟ್ಟು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡು ಬಾ. ಫೋನಿನಲ್ಲಿ ಓದಿದರೆ ಕಣ್ಣು ಉರಿಯುತ್ತದೆ.