ಶಿರಸಿ ದಾಂಡೇಲಿ ಕಡೆ ಕಾಡಲ್ಲಿ ಸುಮ್ನೆ ನಡೆಯೋಕೆ ಯಾರನ್ನ ಕೇಳ್ಬೇಕು? "ಬೆಟ್ಟ" ಅಂದ್ರೆ ಯಾರದ್ದು?

ನಡಿಗೆ_ಹುಚ್ಚ:
ಎಲ್ರಿಗೂ ನಮಸ್ಕಾರ. ಹೋದ ವಾರ ಶಿರಸಿ ಹತ್ರ ಒಂದು ಹೋಮ್‌ಸ್ಟೇನಲ್ಲಿ ಇದ್ವಿ, ಬೆಳಿಗ್ಗೆ ನಾನೂ ಮಗಳೂ ಹಿಂದಿನ ಗುಡ್ಡ ಹತ್ತೋಣ ಅಂತ ಹೊರಟ್ವಿ, ಬೇಲಿ ಇಲ್ಲ, ಬೋರ್ಡ್ ಇಲ್ಲ. ಅರ್ಧ ದಾರೀಲಿ ಸೊಪ್ಪಿನ ಹೊರೆ ಹೊತ್ತು ಬರ್ತಿದ್ದ ಅಜ್ಜ ಒಬ್ರು ನಿಲ್ಲಿಸಿ "ಇದು ನಮ್ಮನೆ ಬೆಟ್ಟ, ಒಂದ್ಮಾತು ಕೇಳಿ ಬರ್ಬೇಕಿತ್ತು" ಅಂದ್ರು. ಬೇಜಾರಿಂದ ಹೇಳಿದ್ದೇನಲ್ಲ, ಆಮೇಲೆ ಅವರೇ ದಾರಿ ತೋರಿಸಿದ್ರು. ಆದ್ರೆ ಹೋಮ್‌ಸ್ಟೇನವರು ಅದು ಸರ್ಕಾರಿ ಕಾಡು ಅಂತಾರೆ. ಯಾವುದು ಸರಿ? ಮತ್ತೆ ಬರೋ ಪ್ಲಾನ್ ಇದೆ, ಯಾರಿಗೂ ತೊಂದ್ರೆ ಆಗದ ಹಾಗೆ ಎಲ್ಲಿ ನಡೀಬಹುದು?

ತೋಟದ_ಮನೆ:
ಎರಡೂ ಸರಿ ಮಾರಾಯ್ರೆ. ಅದಕ್ಕೆ ಸೊಪ್ಪಿನ ಬೆಟ್ಟ ಅಂತಾರೆ. ಜಾಗ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ) ತರೋ ಹಕ್ಕು ಅಡಿಕೆ ತೋಟದವರದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರ್ತು, ಆಮೇಲೆ ಬ್ರಿಟಿಷರು ಕಾಡನ್ನೆಲ್ಲ ರಿಸರ್ವ್ ಮಾಡ್ತಾ ಬಂದ್ರು, ಕುಮರಿ ಬೇಸಾಯ (ಕಾಡು ಕಡಿದು ಸುಟ್ಟು ಬೆಳೆಯೋದು) ನಿಲ್ಲಿಸಿದ್ರು, ಆದ್ರೆ ಸೊಪ್ಪಿಲ್ಲದೆ ಗೊಬ್ಬರ ಇಲ್ಲ, ಗೊಬ್ಬರ ಇಲ್ದೆ ತೋಟ ಇಲ್ಲ ಅಂತ ಘಟ್ಟದ ಮೇಲೆ 1 ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಬಿಟ್ಟುಕೊಟ್ರು. ಮಾರೋ ಹಾಗಿಲ್ಲ, ಮನೆ ಕಟ್ಟೋ ಹಾಗಿಲ್ಲ. ನಮ್ಮಪ್ಪ ಈಗ್ಲೂ ಬೇಸಿಗೆ ಬಂತು ಅಂದ್ರೆ ದರಕು ಗುಡಿಸೋಕೆ ಅಲ್ಲಿಗೇ ಹೋಗೋದು. ಅಲ್ಲಿ ಬಾಟ್ಲಿ ಒಡೆದು ಹೋದ್ರೆ ಆ ಗಾಜು ಸೊಪ್ಪಿನ ಜೊತೆ ನಮ್ಮ ಕೊಟ್ಟಿಗೆಗೇ ಬರತ್ತೆ, ದನದ ಕಾಲಿಗೆ ಚುಚ್ಚತ್ತೆ. ಅಜ್ಜ ಕೇಳಿ ಬರ್ಬೇಕಿತ್ತು ಅಂದಿದ್ದು ಇದಕ್ಕೇ ಇರ್ಬೇಕು.

ಕಾಳಿ_ದಂಡೆ:
ಮೇಲಿನವರು ಬೆಟ್ಟದ ಕತೆ ಹೇಳಿದ್ರು, ದಾಂಡೇಲಿ ಕಡೆ ಕತೆ ಬೇರೆ. ಇಲ್ಲಿ ಕಾಡು ಅಂದ್ರೆ ನಾಟಾ (ಮರದ ದಿಮ್ಮಿ), ಸಾಗವಾನಿ, ಡಿಪೋ, ಆಮೇಲೆ ಪೇಪರ್ ಮಿಲ್ಲಿಗೆ ಬಿದಿರು. ನಮ್ಮ ಮನೇಲಿ ಎರಡು ತಲೆಮಾರು ಲಾರಿಗೆ ನಾಟಾ ತುಂಬಿದ್ದು, ಈಗ ತಮ್ಮ ರಾಫ್ಟಿಂಗ್ ಬೋಟಲ್ಲಿ ಗೈಡು. ಆ ರಾಫ್ಟಿಂಗ್ ನಡೆಯೋದೂ ಕಾಳಿ ನದಿಯ ಸೂಪಾ ಡ್ಯಾಮಿಂದ ನೀರು ಬಿಟ್ರೆ ಮಾತ್ರ, ಆ ಡ್ಯಾಮಿನ ಹಿನ್ನೀರಲ್ಲಿ ಹಳೇ ಸೂಪಾ ಊರೇ ಮುಳುಗಿದೆ, ಬಂದವರು ಇದನ್ನೂ ತಿಳ್ಕೊಂಡು ಹೋಗ್ಲಿ ಅಂತ ನನಗೆ ತುಂಬಾ ಆಸೆ. ದಾಂಡೇಲಿ ಕಾಡು 1956ರಲ್ಲಿ ಅಭಯಾರಣ್ಯ ಆಯ್ತು, 2007ಕ್ಕೆ ಪಕ್ಕದ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಕಾಳಿ ಅಂತ ಹೆಸರು. ಅದರೊಳಗೆ ಕೇಳದೆ ಕಾಲಿಡೋ ಹಾಗೇ ಇಲ್ಲ. ಕುಳಗಿ ನೇಚರ್ ಕ್ಯಾಂಪ್ ಬುಕ್ ಮಾಡಿ, ಬೆಳಿಗ್ಗೆ ಬೇಗ ಎದ್ರೆ ಮಂಗಟ್ಟೆ ಹಕ್ಕಿ ಕಾಣ್ಬಹುದು, ನಾಲ್ಕು ಜಾತಿ ಇದೆ ಇಲ್ಲಿ.

ಸಾಲ್ಕಣಿ_ದಾರಿ:
ಮರ ಉಳಿಸೋಕೆ ನಡೆದ ಅಪ್ಪಿಕೋ ಚಳುವಳಿ ಬಿಟ್ರಲ್ಲ! 1983ರ ಸೆಪ್ಟೆಂಬರ್ 8ಕ್ಕೆ ಸಾಲ್ಕಣಿ ಊರವರು, ಹೆಂಗಸರು ಮಕ್ಕಳು ಎಲ್ಲ, ಕಳಾಸೆ ಕಾಡಿಗೆ ನಡೆದು ಹೋಗಿ ಮರ ಅಪ್ಕೊಂಡು ನಿಂತ್ರು. ಸಹಜ ಕಾಡು ಕಡಿದು ಸಾಗವಾನಿ ನೀಲಗಿರಿ ನೆಡ್ತಿದ್ರು ಆಗ, ಹಳ್ಳ ಬತ್ತೋಕೆ ಶುರುವಾಗಿತ್ತು. ನೀವು ಇವತ್ತು ನೆರಳಲ್ಲಿ ನಡೆಯೋ ಎಷ್ಟೋ ಕಾಡು ಉಳಿದಿದ್ದು ಆ ಜನರಿಂದ.

ಇನ್ನೊಂದು ಮುಖ್ಯ ವಿಷ್ಯ, ಮಗು ಇದೆ ಅಂದ್ರಿ. ಡಿಸೆಂಬರಿಂದ ಮೇ ತನಕ ಸಿದ್ದಾಪುರ ಕಡೆ ಮಂಗನ ಕಾಯಿಲೆ ಭಯ ಇರತ್ತೆ, ಉಣ್ಣಿಯಿಂದ ಬರೋದು. ಊರವರನ್ನ ಕೇಳದೆ ಕಾಡಿಗೆ ಇಳೀಬೇಡಿ, ಮಂಗ ಸತ್ತಿದೆ ಅಂತ ಸುದ್ದಿ ಇದ್ರೆ ಆ ಕಡೆ ಹೋಗ್ಲೇಬೇಡಿ. ದರಕಿನ ಮೇಲೆ ಕೂರೋದು ಬೇಡ, ಬಂದ್ಮೇಲೆ ಬಿಸಿನೀರಲ್ಲಿ ಸ್ನಾನ, ಬಟ್ಟೇನೂ ಬಿಸಿನೀರಿಗೆ ಹಾಕಿ. ಸುಲಭದ ದಾರಿ ಬೇಕು ಅಂದ್ರೆ ಯಾಣಕ್ಕೆ ಹೋಗಿ, ಮೆಟ್ಟಿಲು ದಾರಿ ಎಲ್ಲ ಇದೆ, ಭೈರವೇಶ್ವರ ಶಿಖರ ಅನ್ನೋ ಬಂಡೆ 120 ಮೀಟರ್ ಎತ್ತರ, ಮಗಳು ಬಾಯ್ಬಿಟ್ಕೊಂಡು ನೋಡ್ತಾಳೆ.

ನಡಿಗೆ_ಹುಚ್ಚ:
ಎಲ್ರಿಗೂ ಥ್ಯಾಂಕ್ಸ್. ಹಾಗಾದ್ರೆ ಮಳೆ ಮುಗಿದ ಮೇಲೆ ಅಕ್ಟೋಬರಲ್ಲೇ ಬರ್ತೀವಿ. ಮೊದ್ಲು ಅಜ್ಜನ ಮನೆಗೆ ಹೋಗಿ ಕೇಳೇ ಬೆಟ್ಟ ಹತ್ತೋದು.