ಅಪ್‌ಡೇಟ್: ಎಐ ಡಿಸೈನ್ ಟೀ-ಶರ್ಟ್ ಕೊನೆಗೂ ಸೇಲ್ ಆಯ್ತು

ಮೂರು ವಾರದ ಹಿಂದೆ ಕೇಳಿದ್ನಲ್ಲ, ಎಐನಲ್ಲಿ ಮಾಡಿದ ಅರವತ್ತು ಡಿಸೈನ್ ಪ್ರಿಂಟ್ ಆನ್ ಡಿಮ್ಯಾಂಡ್ (ಆರ್ಡರ್ ಬಂದ್ಮೇಲೆ ಪ್ರಿಂಟ್ ಮಾಡಿ ಕಳ್ಸೋ) ಸೈಟ್‌ಗೆ ಹಾಕಿ ಎರಡು ತಿಂಗಳಾದ್ರೂ ಒಂದೂ ಹೋಗಿಲ್ಲ ಅಂತ, ಈಗ ಏಳು ಟೀ-ಶರ್ಟ್ ಹೋಗಿದೆ. ಕೈಗೆ ಬಂದಿದ್ದು 640 ರೂಪಾಯಿ, ನಗ್ಬೇಡಿ.

ಆಗ ಇಲ್ಲಿ ಕೆಲವರು "ದಿನಾ ಹತ್ತು ಅಪ್‌ಲೋಡ್ ಮಾಡ್ತಾ ಹೋಗಿ" ಅಂದಿದ್ದು ವರ್ಕ್ ಆಗ್ಲಿಲ್ಲ, ಎಲ್ಲರ ಹತ್ರನೂ ಎಐ ಮಾಡಿದ ಅದೇ ಕನ್ನಡಕ ಹಾಕಿದ ಬೆಕ್ಕು ಇದೆ. ವರ್ಕ್ ಆಗಿದ್ದು "ಅಕ್ಷರ ಎಐ ಕೈಲಿ ಬರೆಸ್ಬೇಡಿ" ಅಂದವರ ಮಾತು. ನಾನು ಸರಿಯಾಗಿ ನೋಡೇ ಇರ್ಲಿಲ್ಲ ಮಾರಾಯ್ರೆ, "ಊಟ ಆಯ್ತಾ" ಅಂತ ಹಾಕಿದ್ದ ಡಿಸೈನಲ್ಲಿ ಆ ತ ಒತ್ತು ಹುಳದ ಥರ ಸುತ್ಕೊಂಡು ಯಾವ ಭಾಷೆದೂ ಅಲ್ದಂಗಿತ್ತು. ಈಗ ಚಿತ್ರ ಮಾತ್ರ ಎಐದು, ಅಕ್ಷರ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಕನ್ನಡ ಯೂನಿಕೋಡ್ ಫಾಂಟ್ ಹಾಕಿ ನಾನೇ ಟೈಪ್ ಮಾಡ್ತೀನಿ.

ಇನ್ನೊಂದು, 1024 ಪಿಕ್ಸೆಲ್ ಚಿತ್ರನ ಹಂಗೇ ಹಾಕ್ತಿದ್ದೆ, 15 ಇಂಚು ಅಗಲಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದ್ರೆ 4500 ಪಿಕ್ಸೆಲ್ ಬೇಕಂತೆ, ಅದಕ್ಕೇ ಮಸುಕು ಬರ್ತಿತ್ತು. ಅಪ್‌ಸ್ಕೇಲ್ ಮಾಡಿದ್ರೂ (ಸಾಫ್ಟ್‌ವೇರಲ್ಲಿ ಪಿಕ್ಸೆಲ್ ಹೆಚ್ಚಿಸಿ ಚಿತ್ರ ದೊಡ್ಡದು ಮಾಡಿದ್ರೂ) ಒಂದು ಸ್ಯಾಂಪಲ್ ತರಿಸಿ ನೋಡಿ. ನಂದು ಬ್ಯಾಕ್‌ಗ್ರೌಂಡ್ ಪೂರ್ತಿ ತೆಗೆದಿರ್ಲಿಲ್ಲ, ಕಪ್ಪು ಬಟ್ಟೆ ಮೇಲೆ ಸುತ್ತ ಬಿಳಿ ಗೆರೆ ಎದ್ದು ಕಾಣ್ತಿತ್ತು. ಆ ಸ್ಯಾಂಪಲ್ ಟೀ-ಶರ್ಟ್‌ನ ಈಗ ನಮ್ ತಮ್ಮ ರಾತ್ರಿ ಮಲಗೋಕೆ ಹಾಕ್ಕೋತಾನೆ.