ಗುಂಡ್ಯಾನ ಪ್ಲಾಟು, ವೈನಿಯ ಎಲೆ

ವಕೀಲರ ಹೆಂಡತಿ, ನಮಗೆಲ್ಲ ವೈನಿ, ಟಾರೋ ಎಂಬ ಚಿತ್ರದ ಎಲೆಗಳಿಂದ ಭವಿಷ್ಯ ನೋಡುವುದನ್ನು ಕಲಿಯುತ್ತಿದ್ದಾರೆ ಎಂಬ ಸುದ್ದಿಯನ್ನು ವಕೀಲರೇ ಧಾರವಾಡದ ಸಪ್ತಾಪುರದ ತುಂಬ ಹಬ್ಬಿಸಿದರು. ಅವರು ಹೇಳಿದ್ದು ದೂರು, ಊರು ಕೇಳಿಸಿಕೊಂಡದ್ದು ಜಾಹೀರಾತು. ಪ್ರತಿ ಭಾನುವಾರ ಸಂಜೆ ಅವರ ಪಡಸಾಲೆಯಲ್ಲಿ ಮಿರ್ಚಿ ಭಜಿಗೆ ಸೇರುವ ನಾವು ಆ ವಾರ ಒಬ್ಬರಿಗಿಂತ ಒಬ್ಬರು ಬೇಗ ಹಾಜರಾದೆವು. ನಾನು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರು, ಮತ್ತು ಗುಂಡ್ಯಾ.

ಗುಂಡ್ಯಾನ ಬಗ್ಗೆ ಎರಡು ಮಾತು ಹೇಳಬೇಕು. ನವನಗರದಿಂದ ಸತ್ತೂರಿನ ತನಕ ರಸ್ತೆಯ ಎರಡೂ ಬದಿ ಪ್ಲಾಟು ಮಾರುವವನು ಅವನು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟರೆ ಕಿಟಕಿಯ ಆಚೆ ಖಾಲಿ ಜಾಗ ಕಂಡಲ್ಲೆಲ್ಲ ‘ಇದು ನಮ್ಮ ಪಾರ್ಟಿಯದ್ದು’ ಎನ್ನುತ್ತಾನೆ. ಉಣಕಲ್ ಕೆರೆ ಬಂದಾಗ ಮಾತ್ರ ಸ್ವಲ್ಪ ಸುಮ್ಮನಿರುತ್ತಾನೆ.

ವೈನಿ ಟೀಪಾಯಿಯ ಮೇಲೆ ಮಖಮಲ್ಲಿನ ಬಟ್ಟೆ ಹಾಸಿ ಎಲೆಗಳ ಕಟ್ಟು ಇಟ್ಟರು. ನಮ್ಮ ಇಸ್ಪೀಟಿಗಿಂತ ಉದ್ದ, ಅಗಲ. ಒಂದು ಕೈಯಲ್ಲಿ ಹಿಡಿದು ಕಲೆಸಲು ಆಗುವುದಿಲ್ಲ.

“ವೈನಿ, ಇದನ್ನು ತಾವೇ ಕೊಳ್ಳಬಾರದಂತೆ. ಯಾರಾದರೂ ಉಡುಗೊರೆ ಕೊಟ್ಟರೆ ಮಾತ್ರ ಫಲಿಸುತ್ತದಂತೆ. ಯೂಟ್ಯೂಬ್‌ನಲ್ಲಿ ನೋಡಿದೆ” ಎಂದ ಗುಂಡ್ಯಾ.

“ಆ ಮಾತು ನಂಬಿ ಇವರ ಕೈ ಕಾಯ್ದಿದ್ದರೆ ಮುಂದಿನ ಜನ್ಮದಲ್ಲೇ ಕಲಿಯಬೇಕಾಗಿತ್ತು. ಇವರು ನನಗೆ ಕೊಟ್ಟ ಕೊನೆಯ ಉಡುಗೊರೆ ಕುಕ್ಕರಿನ ಗ್ಯಾಸ್ಕೆಟ್ಟು.”

ವಕೀಲರು ಭಜಿಯ ಮೇಲೆ ಗಮನ ಹರಿಸಿದರು.

ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದರು. ವಕೀಲರ ತಾಯಿ, ಆದರೆ ನಮಗೆಲ್ಲರಿಗೂ ಅವ್ವನೇ. ಎಲೆಗಳನ್ನು ನೋಡಿದ್ದೇ ತಡ, “ಶ್ರಾವಣದಲ್ಲಿ ಮನೆಯೊಳಗೆ ಇಸ್ಪೀಟು ಹಚ್ಚಿದಿರಾ?” ಎಂದರು.

“ಇಸ್ಪೀಟಲ್ಲ ಅತ್ತಿ, ಇದು ಶಾಸ್ತ್ರ” ಎಂದರು ವೈನಿ.

“ಅವ್ವ ಹೇಳಿದ್ದೇ ಖರೆ” ಎಂದು ಮಾಸ್ತರು ಕನ್ನಡಕ ಒರೆಸಿಕೊಂಡರು. ಮಾಸ್ತರು ಕನ್ನಡಕ ಒರೆಸಿದರೆ ಅರ್ಧ ತಾಸು ಪಾಠ ಖಾತ್ರಿ. ಚಹಾ ಬರುವ ತನಕ ಬೇರೆ ಕೆಲಸವೂ ಇರಲಿಲ್ಲ, ಕೇಳಿದೆವು.

ಇದು ಹುಟ್ಟಿದ್ದು 15ನೇ ಶತಮಾನದಲ್ಲಿ, ಇಟಲಿಯ ಉತ್ತರ ಭಾಗದಲ್ಲಿ. ಮಿಲಾನ್, ಫೆರಾರಾದ ದೊರೆಮನೆಗಳಲ್ಲಿ ಆಡುತ್ತಿದ್ದ ಶುದ್ಧ ಎಲೆಯಾಟ. ಮಿಲಾನಿನ ವಿಸ್ಕೊಂಟಿ, ಸ್ಫೋರ್ಜಾ ಮನೆತನದವರಂತೂ ಚಿನ್ನದ ರೇಕು ಹಚ್ಚಿದ ಎಲೆಗಳನ್ನು ಬರೆಸಿಕೊಂಡಿದ್ದರು. ಒಟ್ಟು 78 ಎಲೆ. ಅದರಲ್ಲಿ 22 ದೊಡ್ಡ ಎಲೆಗಳು, ಈಗ ಎಲ್ಲರೂ ಭಯಭಕ್ತಿಯಿಂದ ನೋಡುವಂಥವು, ಆ ಆಟದಲ್ಲಿ ಬರೀ ತುರುಪು. ಎದುರಿನವರ ಎಲೆ ಹೊಡೆಯಲು ಇದ್ದದ್ದು.

“ಮತ್ತೆ ಈ ಭವಿಷ್ಯ ಯಾವಾಗ ಗಂಟು ಬಿತ್ತು?” ಎಂದೆ.

“ಮೂರು ನೂರು ವರ್ಷದ ಮೇಲೆ. 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲ್ಯಾ ಎಂಬ ಪಂಡಿತ, ಇದು ಪ್ರಾಚೀನ ಈಜಿಪ್ಟಿನ ಪೂಜಾರಿಗಳು ಬಚ್ಚಿಟ್ಟ ಜ್ಞಾನ ಎಂದು ಬರೆದ. ಆಗ ಈಜಿಪ್ಟಿನ ಹಳೆಯ ಚಿತ್ರಲಿಪಿಯನ್ನು ಓದಬಲ್ಲವರು ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಶಾಂಪೋಲಿಯೋ ಅದನ್ನು ಬಿಡಿಸಿದ್ದು 1822ರಲ್ಲಿ.”

ವಕೀಲರು ತಟ್ಟೆ ಕೆಳಗಿಟ್ಟರು. “ಅಂದರೆ ಸಾಕ್ಷಿ ಸಿಗುವ 41 ವರ್ಷ ಮೊದಲೇ ತೀರ್ಪು ಕೊಟ್ಟ! ಭೇಷ್.”

“ಫ್ರಾನ್ಸಿನಲ್ಲಿ ಇವತ್ತಿಗೂ ಟಾರೋ ಎಂದರೆ ಮನೆಮಂದಿ ಕುಳಿತು ಆಡುವ ಆಟವೇ” ಎಂದು ಮಾಸ್ತರು ಮುಗಿಸಿದರು.

ಅವ್ವ ಕುರ್ಚಿ ಎಳೆದುಕೊಂಡು ಕುಳಿತರು. “ಆಟವಾದರೆ ಇರಲಿ. ಶಾಸ್ತ್ರ ಎಂದರೆ ಸ್ನಾನ ಮಾಡಿ ಬರಬೇಕಾಗುತ್ತಿತ್ತು.”

ಇಷ್ಟೆಲ್ಲ ಕೇಳಿಯೂ ವೈನಿ ಕುಗ್ಗಲಿಲ್ಲ. ಅವರಿಗೆ ಈಜಿಪ್ಟು ಬೇಕಾಗಿಯೂ ಇರಲಿಲ್ಲ. ಒಂದೊಂದಾಗಿ ಎಲೆ ತೆಗೆದು ಮೂಲೆಯಲ್ಲಿ ಬಳ್ಳಿ ಸುತ್ತಿದ ಹಾಗಿರುವ ಒಂದು ಪುಟ್ಟ ಗುರುತು ತೋರಿಸಿದರು. “ಇದು ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆಯ ಸಹಿ. 1909ರಲ್ಲಿ ಲಂಡನ್ನಿನಲ್ಲಿ ಈ ಎಲೆಗಳು ಅಚ್ಚಾದವು. 78 ಚಿತ್ರಗಳನ್ನೂ ಅವಳೇ ಬರೆದದ್ದು. ಕಟ್ಟಿಗೆ ಹೆಸರು ಬಂದದ್ದು ಮಾತ್ರ ಪ್ರಕಾಶಕ ರೈಡರ್‌ನದು, ಬರೆಸಿದ ವೇಟ್‌ನದು. ದೊಡ್ಡ ಕೆಲಸ, ಪುಡಿಗಾಸು ಸಿಕ್ಕಿತು ಎಂದು ಅವಳೇ ಕಾಗದ ಬರೆದಿದ್ದಾಳೆ. 1951ರಲ್ಲಿ ಸಾಯುವಾಗ ಸಾಲವಿತ್ತು.”

ಕೊನೆಯ ಮಾತನ್ನು ಅವರು ವಕೀಲರ ಕಡೆ ನೋಡಿ ಹೇಳಿದರು. ಲಂಡನ್ನಿನ ಪ್ರಕಾಶಕನಿಗೂ ಸಪ್ತಾಪುರದ ವಕೀಲರಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಹೊಸಬರಿಗೆ ಈ ಕಟ್ಟೇ ಯಾಕೆ ಸುಲಭ ಎಂಬುದು ಆಮೇಲೆ ಗೊತ್ತಾಯಿತು. ಹಳೆಯ ಕಟ್ಟುಗಳಲ್ಲಿ ಐದು ಬಟ್ಟಲು ಎಂದರೆ ಐದು ಬಟ್ಟಲಷ್ಟೇ, ನಮ್ಮ ಇಸ್ಪೀಟಿನ ಐದು ಕಳಾವರ ಇದ್ದ ಹಾಗೆ. ಈಕೆ ಬಹುತೇಕ ಎಲೆಗಳಲ್ಲಿ ಮನುಷ್ಯರನ್ನು ತಂದು ನಿಲ್ಲಿಸಿದಳು. ಒಬ್ಬ ಅಳುತ್ತಾನೆ, ಒಬ್ಬ ಹತ್ತು ಕೋಲು ಹೊತ್ತು ಬಗ್ಗಿ ನಡೆಯುತ್ತಾನೆ, ಒಬ್ಬಳು ನಿದ್ದೆ ಬಾರದೆ ಹಾಸಿಗೆಯಲ್ಲಿ ಎದ್ದು ಕುಳಿತಿದ್ದಾಳೆ. ಅರ್ಥ ಬಾಯಿಪಾಠ ಮಾಡದಿದ್ದರೂ ಕಣ್ಣಿಗೆ ಏನೋ ಸಿಗುತ್ತದೆ. ಅದಕ್ಕೇ ವೈನಿ ಬಾಯಿಪಾಠ ಬಿಟ್ಟರಂತೆ. ದಿನಾ ಬೆಳಿಗ್ಗೆ ಗ್ಯಾಸ್ ಹಚ್ಚುವ ಮೊದಲು ಒಂದೇ ಎಲೆ ತೆಗೆಯುವುದು. ಏನು ಕಂಡಿತೋ ನೋಟ್‌ಬುಕ್ಕಿನಲ್ಲಿ ಬರೆಯುವುದು. ಆಮೇಲೆ ಪುಸ್ತಕ ತೆರೆಯುವುದು. ತಲೆಕೆಳಗಾಗಿ ಬಂದ ಎಲೆಗೆ ಬೇರೆ ಅರ್ಥ ಇದೆಯಂತೆ, ಅದನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ನೆಟ್ಟಗಿರುವವರೇ ಇನ್ನೂ ಪೂರ್ತಿ ಪರಿಚಯವಾಗಿಲ್ಲ ಎಂದರು.

“ಹತ್ತು ಕತ್ತಿ ಬಂದ ದಿನ ನಾಷ್ಟಾಕ್ಕೆ ಉಪ್ಪಿಟ್ಟು ಗ್ಯಾರಂಟಿ” ಎಂದು ವಕೀಲರು ಸೇರಿಸಿದರು.

ನಾಲ್ಕು ಜಾತಿಯ ಎಲೆಗಳು, ಒಂದೊಂದರಲ್ಲಿ 14. ಕೋಲು ಎಂದರೆ ಹುರುಪು, ಬಟ್ಟಲು ಎಂದರೆ ಮನಸ್ಸು, ಕತ್ತಿ ಎಂದರೆ ಬುದ್ಧಿ ಮತ್ತು ಜಗಳ, ನಾಣ್ಯ ಎಂದರೆ ದುಡ್ಡು ಮತ್ತು ದುಡಿಮೆ. ಕತ್ತಿಯನ್ನು ವಕೀಲರಿಗೆ, ನಾಣ್ಯವನ್ನು ಗುಂಡ್ಯಾನಿಗೆ ಅವ್ವ ಆಗಲೇ ಹಂಚಿಬಿಟ್ಟರು. ಬಟ್ಟಲು ನನಗೆ ಬಂತು. ಚಹಾದ ದೃಷ್ಟಿಯಿಂದ ಹೇಳಿದರು ಎಂದುಕೊಂಡಿದ್ದೇನೆ.

ಗುಂಡ್ಯಾ ಕಲೆಸಲು ಹೋದ. ಕೈ ಜಾರಿ ಒಂದು ಎಲೆ ಮಗುಚಿ ಬಿತ್ತು. ಬಿಳಿ ಕುದುರೆಯ ಮೇಲೆ ಕವಚ ತೊಟ್ಟ ಅಸ್ಥಿಪಂಜರ, ಮೇಲೆ 13ನೇ ನಂಬರು, ಕೆಳಗೆ ಸಾವು ಎಂಬ ಹೆಸರು. ಗುಂಡ್ಯಾ ಭಜಿ ನುಂಗುವುದನ್ನೇ ಮರೆತ.

“ಹೆದರಬೇಡ. ಇದನ್ನು ಸಾವು ಎಂದು ಓದುವುದಿಲ್ಲ. ಯಾವುದೋ ಒಂದು ಮುಗಿಯಿತು ಎಂದು ಅರ್ಥ. ಹಿಂದೆ ನೋಡು, ಎರಡು ಗೋಪುರಗಳ ನಡುವೆ ಸೂರ್ಯ.”

“ಮುಗಿಯುವುದು ಎಂದರೆ ನಾನೇ ಅಲ್ವಾ ವೈನಿ?”

“ನಿನ್ನ ಎರಡನೇ ತಟ್ಟೆ ಭಜಿ ಮುಗಿಯಿತು” ಎಂದರು ಅವ್ವ.

ವೈನಿ ತಮ್ಮ ನಿಯಮ ಹೇಳಿದರು. ರೋಗ, ಸಾವು, ಕೋರ್ಟಿನ ತೀರ್ಪು, ಈ ಮೂರರ ಬಗ್ಗೆ ಯಾರು ಕೇಳಿದರೂ ಎಲೆ ತೆಗೆಯುವುದಿಲ್ಲ. ಮೊದಲೆರಡು ನಮಗೆ ಸರಿ ಎನಿಸಿತು. ಮೂರನೆಯದಕ್ಕೆ ವಕೀಲರು ಕೈ ಮುಗಿದರು. ಕಕ್ಷಿದಾರರು ಹೊರಬಾಗಿಲಲ್ಲಿ ಬಂದು ಪಡಸಾಲೆಯಲ್ಲೇ ತೀರ್ಪು ಪಡೆದು ಹೋಗುತ್ತಾರೆ ಎಂಬ ಭಯ ಅವರಿಗೆ ಇದ್ದೇ ಇತ್ತು.

ಆದರೂ ವಕೀಲರು ಸುಲಭಕ್ಕೆ ಬಿಡುವವರಲ್ಲ. “1948ರಲ್ಲಿ ಅಮೆರಿಕದಲ್ಲಿ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟ. ಆಮೇಲೆ ಒಬ್ಬೊಬ್ಬರಿಗೂ ‘ಇದು ನಿನ್ನ ಸ್ವಭಾವ’ ಎಂದು ಒಂದು ಹಾಳೆ ಹಂಚಿದ. ಎಷ್ಟು ಸರಿ ಇದೆ, 5ಕ್ಕೆ ಅಂಕ ಕೊಡಿ ಎಂದ. ಸರಾಸರಿ 4.26 ಬಂತು. ಮಜಾ ಏನೆಂದರೆ ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ! ಸಾಲುಗಳನ್ನು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದ.”

“ಎಂಥ ಸಾಲು?” ಎಂದ ಗುಂಡ್ಯಾ.

“ಹೊರಗೆ ನೀನು ಗಟ್ಟಿಯಾಗಿ ಕಾಣುತ್ತೀ, ಒಳಗೊಳಗೇ ಚಿಂತೆ ಮಾಡುತ್ತೀ, ಅಂಥದ್ದು.”

ಗುಂಡ್ಯಾನ ಕಣ್ಣು ತುಂಬಿತು. “ಇದು ನಿಮಗೆ ಯಾರು ಹೇಳಿದರು ವಕೀಲರೇ?”

ಮಾಸ್ತರು, “ನನಗೂ ಸ್ವಲ್ಪ ಹಾಗೇ ಇದೆ” ಎಂದರು. ಅವ್ವ, “ಅದು ನಾನೇ” ಎಂದರು. ನಾನು ಸುಮ್ಮನೆ ಕುಳಿತೆ, ನನ್ನದೇ ಸ್ವಭಾವವನ್ನು ಎಲ್ಲರೂ ಹಂಚಿಕೊಂಡದ್ದು ಸರಿ ಕಾಣಲಿಲ್ಲ.

“ಅದು ನನಗೂ ಗೊತ್ತಿದೆ. ಅದಕ್ಕೇ ನಾನು ಯಾರ ಸ್ವಭಾವವನ್ನೂ ಹೇಳುವುದಿಲ್ಲ” ಎಂದರು ವೈನಿ. “ಚಿತ್ರ ಮುಂದಿಟ್ಟು ಏನು ಕಾಣುತ್ತದೆ ಎಂದು ಕೇಳುತ್ತೇನೆ, ಅಷ್ಟೇ. ಮಿಕ್ಕದ್ದನ್ನು ಬಂದವರೇ ಹೇಳಿ ಮುಗಿಸುತ್ತಾರೆ.”

ಇದು ನಮ್ಮ ಕಡೆಯವರಿಗೆ ಹೊಸದೇನಲ್ಲ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಪ್ಪ ಬಿಲ್ಲು ಏರಿ ‘ಸದ್ದಲೇ’ ಎಂದು ಕೂಗುತ್ತಾನೆ. ಸಾವಿರಾರು ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಹೇಳುವುದು ಒಂದೇ ಸಾಲಿನ ಕಾರಣಿಕ, ಅಂದರೆ ದೈವದ ಭವಿಷ್ಯವಾಣಿ. ಮರುದಿನ ಹಾವೇರಿಯಿಂದ ಗದಗದ ತನಕ ಪ್ರತಿ ಚಹಾದಂಗಡಿಯಲ್ಲೂ ಅದಕ್ಕೆ ಅರ್ಥ. ಮಳೆಗೆ ಒಂದು, ಬೆಳೆಗೆ ಒಂದು, ಮುಖ್ಯಮಂತ್ರಿಯ ಕುರ್ಚಿಗೆ ಕನಿಷ್ಠ ಮೂರು. ಒಂದೇ ಸಾಲಿನಿಂದ ಇಷ್ಟು ತೆಗೆಯಬಲ್ಲ ಜನಕ್ಕೆ 78 ಚಿತ್ರ ಕೊಟ್ಟರೆ ಏನಾಗಬಹುದು ನೀವೇ ಯೋಚಿಸಿ.

ಕೊನೆಗೆ ಗುಂಡ್ಯಾ ಮುಖ್ಯ ವಿಷಯಕ್ಕೆ ಬಂದ. “ನವನಗರದ ಪ್ಲಾಟು ದೀಪಾವಳಿಯೊಳಗೆ ಹೋಗುತ್ತದೋ ಇಲ್ಲವೋ?”

“ಹೌದು, ಇಲ್ಲ ಎನ್ನುವ ಪ್ರಶ್ನೆ ಕೇಳಬೇಡ. ಪ್ಲಾಟು ಯಾಕೆ ನಿಂತಿದೆ, ನನ್ನ ಕಣ್ಣಿಗೆ ಬೀಳದ್ದು ಏನಿದೆ ಎಂದು ಕೇಳು.”

“ಆಕ್ಷೇಪಣೆ! ಸಾಕ್ಷಿಯ ಬಾಯಿಗೆ ಮಾತು ತುರುಕುತ್ತಿದ್ದಾರೆ” ಎಂದರು ವಕೀಲರು.

“ಆಕ್ಷೇಪಣೆ ತಳ್ಳಿಹಾಕಿದೆ. ಸುಮ್ಮನೆ ಕೂಡು” ಎಂದರು ಅವ್ವ.

ಹಿಂದೆ, ಈಗ, ಮುಂದೆ ಎಂದು ಮೂರು ಎಲೆ ಸಾಲಾಗಿ ಬಂದವು. ಮೊದಲನೆಯದು ಏಳು ಕತ್ತಿ. ಒಬ್ಬ ಐದು ಕತ್ತಿ ಬಾಚಿಕೊಂಡು ತುದಿಗಾಲಿನಲ್ಲಿ ಜಾರುತ್ತಿದ್ದಾನೆ, ಎರಡು ಹಿಂದೆ ನೆಲದಲ್ಲಿ ನಾಟಿವೆ.

“ಇವನೇ! ನನ್ನ ಪಾರ್ಟಿಯನ್ನು ಎತ್ತಿಕೊಂಡು ಹೋದ ದಲ್ಲಾಳಿ!” ಎಂದು ಗುಂಡ್ಯಾ ಕುರ್ಚಿಯಿಂದ ಎದ್ದ.

“ಮುಖ ನಿನ್ನದೇ ಇದೆಯಲ್ಲೋ” ಎಂದರು ವಕೀಲರು.

“ಕಳ್ಳನಾದವನು ಎರಡು ಯಾಕೆ ಬಿಟ್ಟ?” ಎಂದು ಮಾಸ್ತರು ಚಿತ್ರದೊಳಗೇ ಮುಳುಗಿದರು.

ಎರಡನೆಯದು ಐದು ಬಟ್ಟಲು. ಕರಿ ನಿಲುವಂಗಿಯವನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ. ಎದುರಿಗೆ ಮೂರು ಬಟ್ಟಲು ಚೆಲ್ಲಿವೆ, ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ವೈನಿ ಏನೂ ಹೇಳಲಿಲ್ಲ. “ಏನು ಕಾಣುತ್ತದೆ?” ಎಂದರು.

ಗುಂಡ್ಯಾ ಬಹಳ ಹೊತ್ತು ನೋಡಿದ. “ಕರಿ ಕೋಟು ಅಂದರೆ ವಕೀಲರು” ಎಂದ. ಆಮೇಲೆ ಬಟ್ಟಲು ಎಣಿಸಿದ. ಇನ್ನೊಮ್ಮೆ ಎಣಿಸಿದ. ದನಿ ಇಳಿಯಿತು. “ವೈನಿ, ಅದರ ಮಾಲೀಕರು ಐದು ಮಂದಿ ಅಣ್ಣತಮ್ಮಂದಿರು. ಇಬ್ಬರು ಸಹಿ ಹಾಕಿದ್ದಾರೆ. ಮೂವರು ಹಾಕಿಲ್ಲ.”

ಪಡಸಾಲೆಯಲ್ಲಿ ಯಾರೂ ಭಜಿ ಮುಟ್ಟಲಿಲ್ಲ. ವಕೀಲರಂತೂ ಸಂಜೆಯಿಂದ ಮೊದಲ ಬಾರಿ ನೆಟ್ಟಗೆ ಕುಳಿತರು. “ಜಾಗದ ದಾಖಲೆಯಲ್ಲಿ, ಉತಾರದಲ್ಲಿ ಐವರ ಹೆಸರೂ ಇದೆಯಾ?”

“ಇದೆ.”

“ಐವರ ನಡುವೆ ಪಾಲು, ವಾಟ್ನಿ ಆಗಿದೆಯಾ?”

“ಆಗಿಲ್ಲ.”

“ಮತ್ತೆ ಪಾರ್ಟಿಯಿಂದ ಟೋಕನ್ ಮುಂಗಡ ಹೇಗೆ ತೆಗೆದುಕೊಂಡೆ?”

ಗುಂಡ್ಯಾ ಏಳು ಕತ್ತಿಯ ಎಲೆಯನ್ನು ಮೆಲ್ಲಗೆ ಮಗುಚಿ ಇಟ್ಟ.

ಮೂರನೆಯದು ಎಂಟು ನಾಣ್ಯ. ಒಬ್ಬ ಕುಶಲಕರ್ಮಿ ಬಾಕಿನ ಮೇಲೆ ಕುಳಿತು ಉಳಿ, ಸುತ್ತಿಗೆ ಹಿಡಿದು ಒಂದೊಂದೇ ನಾಣ್ಯ ಕೆತ್ತುತ್ತಿದ್ದಾನೆ. ಕುಳಿತು ಕೆಲಸ ಮಾಡು ಎಂದು ಇದರರ್ಥ ಎನ್ನಲು ವೈನಿ ಬಾಯಿ ತೆಗೆದರು. ವಕೀಲರು ಬಿಡಲಿಲ್ಲ. “ಸ್ಪಷ್ಟವಾಗಿದೆ. ಕಾಗದಕ್ಕೆ ಮೊಹರು ಒತ್ತುತ್ತಿದ್ದಾನೆ. ಸೋಮವಾರ ಹತ್ತಕ್ಕೆ ಫೈಲು ತೆಗೆದುಕೊಂಡು ಬಾ. ಐವರನ್ನೂ ಕರೆಸೋಣ. ಮೊದಲು ವಾಟ್ನಿ, ಆಮೇಲೆ ಮಾರಾಟ.”

“ಏನ್ರಿ, ಇದೆಲ್ಲ ಸುಳ್ಳು ಎನ್ನುತ್ತಿದ್ದಿರಿ?” ಎಂದರು ವೈನಿ.

“ಎಲೆ ಸುಳ್ಳೇ. ಉತಾರ ಸುಳ್ಳಲ್ಲವಲ್ಲ.”

ಗುಂಡ್ಯಾ ಫೀ ಎಷ್ಟು ಎಂದು ಕೇಳಿದ. ವಕೀಲರು ಹೇಳಿದರು. ಗುಂಡ್ಯಾನ ಮುಖ 13ನೇ ನಂಬರಿನ ಎಲೆ ಬಿದ್ದಾಗ ಇದ್ದದ್ದಕ್ಕಿಂತ ಬಿಳಿಚಿತು. “ವೈನಿ, ಫೀ ವಿಷಯಕ್ಕೆ ಇನ್ನೊಂದು ಎಲೆ ತೆಗೆಯಿರಿ” ಎಂದು ಅಂಗಲಾಚಿದ. ಬೇಡ ಎನ್ನುವಷ್ಟರಲ್ಲಿ ಅವ್ವ ಕೈ ಹಾಕಿ ಎಳೆದೇಬಿಟ್ಟರು.

ಆರು ನಾಣ್ಯ. ಸಾಹುಕಾರನೊಬ್ಬ ಒಂದು ಕೈಯಲ್ಲಿ ತಕ್ಕಡಿ ಹಿಡಿದು ಇನ್ನೊಂದು ಕೈಯಿಂದ ನಾಣ್ಯ ಉದುರಿಸುತ್ತಿದ್ದಾನೆ. ಕೆಳಗೆ ಇಬ್ಬರು ಮಂಡಿಯೂರಿ ಕೈ ಒಡ್ಡಿದ್ದಾರೆ.

“ತಕ್ಕಡಿ ಎಂದರೆ ನ್ಯಾಯ. ಹಾಗಾಗಿ ನಿಂತವನು ನಾನು” ಎಂದರು ವಕೀಲರು.

“ದುಡ್ಡು ಕೊಡುವವನು ನಾನಲ್ಲವೇ? ನಿಂತವನು ನಾನು, ಕೈ ಒಡ್ಡಿದವರು ನೀವು” ಎಂದ ಗುಂಡ್ಯಾ.

“ಮಂಡಿಯೂರಿದವರು ಇಬ್ಬರಿದ್ದಾರೆ” ಎಂದು ಮಾಸ್ತರು ಬೆರಳು ಇಟ್ಟು ತೋರಿಸಿದರು. “ಒಬ್ಬರು ವಕೀಲರು ಎಂದೇ ಇಟ್ಟುಕೊಳ್ಳೋಣ. ಇನ್ನೊಬ್ಬರು ಯಾರು?”

ವೈನಿ ಎಲೆಗಳನ್ನೆಲ್ಲ ಬಾಚಿ ಮಖಮಲ್ಲಿನಲ್ಲಿ ಕಟ್ಟಿದರು. “ನನ್ನ ಫೀ ಎಷ್ಟು ಎಂದು ಇಲ್ಲಿ ಯಾರಾದರೂ ಕೇಳಿದಿರಾ?” ಎಂದರು.